ದೊಡ್ಡವ್ವನ ಬಿಲ್ಡಿಂಗು

ಮುಂಬಯಿಯ ಕೋಟೆ ಪ್ರದೇಶವನ್ನು ನಡೆದೇ ತೋರಿಸುತ್ತೇನೆಂದು ದೊಡ್ಡವ್ವ ನನ್ನನ್ನು ಹೊರಡಿಸಿದ್ದಳು. ದಾರಿಯುದ್ದಕ್ಕೂ ನಾನು ಟೂರಿಸ್ಟ್ ಗೈಡುಗಳ ಮೂಗುದನಿಯಲ್ಲಿ ಗಡಿಯಾರ ಗೋಪುರದ ಇತಿಹಾಸ ಒದರಿದೆ, ಅರ್ಧ ಸುಳ್ಳೇ. ಸಮುದ್ರಕ್ಕೆ ಮಣ್ಣು ತುಂಬಿ ಎಬ್ಬಿಸಿದ ಹೊಸ ಕಟ್ಟಡವೊಂದರ ಮುಂದೆ ಅವಳು ನಿಂತಳು.

"ಇದರ ಇತಿಹಾಸ ನಾ ಹೇಳ್ತೀನಿ. ಎರಡು ವರ್ಷ ಇಲ್ಲಿ ಉಸುಕು ಹೊತ್ತೀನಿ. ಕಟ್ಟಿ ಮುಗಿದ ಮ್ಯಾಲೆ ಒಳಗ ಬಿಟ್ಟಿಲ್ಲ. ಇವತ್ತು ಮ್ಯಾಲಿಂದ ಸಮುದ್ರ ನೋಡೇ ಹೋಗೂದು."

ವಾಚ್‌ಮನ್ ಲಾಠಿ ಅಡ್ಡ ಹಿಡಿದ. "ಏ ಬಾಯಿ, ಕಿಧರ್?"

ನಾನು ಗಂಟಲು ಬದಲಿಸಿ ದೊಡ್ಡ ಸಾಹೇಬರ ಇಂಗ್ಲಿಷಿನಲ್ಲಿ ಗುಡುಗಿದೆ. ಅವನು ನನ್ನ ಹವಾಯಿ ಚಪ್ಪಲಿ ನೋಡಿ ನಕ್ಕುಬಿಟ್ಟ.

"ನೀ ಸುಮ್ನಿರೋ ಮಂಗ್ಯಾ," ಎಂದು ನನ್ನನ್ನು ಗದರಿದ ದೊಡ್ಡವ್ವ, ಮೂರನೇ ಮೆಟ್ಟಿಲಲ್ಲಿ ನಿಮ್ಮ ಸಾಹೇಬರೆಲ್ಲ ದಿನಾ ಎಡವುತ್ತಾರಲ್ಲವೇ ಎಂದು ಹರಕು ಹಿಂದಿಯಲ್ಲಿ ಅವನನ್ನು ಕೇಳಿದಳು.

ಇವಳಿಗೆ ಹೇಗೆ ಗೊತ್ತೆಂದು ಅವನಿಗೆ ಬೆರಗು; ಲಾಠಿ ಕೆಳಗಿಳಿಯಿತು. "ತುಮ್‌ಕೋ ಕೈಸೇ ಮಾಲೂಮ್?"

"ಆ ಮೆಟ್ಟಿಲು ನಿಮ್ಮ ದೊಡ್ಡಪ್ಪನ ಕೈಕೆಲಸ. ಒಂದು ಬೆರಳು ಎತ್ತರ ಮಾಡ್ಯಾನ," ಎಂದು ನನಗೆ ಹೇಳುತ್ತಲೇ ಅವಳು ಒಳಗೆ ನಡೆದಳು.

ಅದನ್ನು ನನ್ನಿಂದ ಹಿಂದಿಯಲ್ಲಿ ಕೇಳಿ ವಾಚ್‌ಮನ್ ಮೆತ್ತಗಾಗಿ ಲಿಫ್ಟಿನ ಬಾಗಿಲು ತೆರೆದ.

"ಅದು ನಾವು ಕಟ್ಟಿದ್ದಲ್ಲಪಾ," ಎಂದ ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತತೊಡಗಿದಳು.