ಖಾಲಿ ಮೇಲ್‌ಗಳನ್ನು ಅಳಿಸುತ್ತಿದ್ದ ನಿಯಮ

ಶಬಾನಾ, ನಿನಗೆ ಬಂದ ಮೇಲ್ ಕಳೆದುಹೋಗಿದ್ದು ನನ್ನಿಂದ. ಬಸಮ್ಮ ಟೀಚರು ಅದನ್ನು ಕಳಿಸಿದ್ದರು. ಕಳಿಸಿಲ್ಲ ಎಂದು ನಿನಗೆ ಹೇಳಿದವಳು ನಾನು — ಗೊತ್ತಿದ್ದೂ ಹೇಳಿದೆ.

ಶಹಾಪುರದ ಆ ಪ್ರೆಸ್ಸಿನಲ್ಲಿ ನೀನು ಲಗ್ನಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದೆ, ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಎಲ್ಲರ ಮೇಲ್‌ಗಳೂ ಪ್ರೆಸ್ಸಿನ ಒಂದೇ ವಿಳಾಸಕ್ಕೆ ಬರುತ್ತಿದ್ದವು. ಲಾಟರಿ, ಬೋಳುತಲೆಗೆ ಔಷಧಿ — ಕಸವೇ ಹೆಚ್ಚು. ಅದನ್ನು ಸೋಸಲು ವಿಂಡೋಸ್ ಒಳಗೇ, ಬರೆದ ಆಜ್ಞೆಗಳಿಂದ ನಡೆಯುವ ಯುನಿಕ್ಸ್ ತರಹದ ಪರಿಸರ ಹಾಕಿ, ಅದರಲ್ಲಿ ಮೇಲ್ ಸೋಸುವ ಪ್ರೋಗ್ರಾಮನ್ನು ಕೂರಿಸಿದೆ. ಕಪ್ಪು ಪರದೆಯ ಮೇಲೆ ಒಂದೊಂದೇ ನಿಯಮ ಬರೆದೆ. ಅದು ಓಡಿದ ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಒಳ್ಳೆಯ ಮೇಲ್ ಒಂದೂ ತಪ್ಪುವುದಿಲ್ಲ ಎಂದು ಮಾಲೀಕರೆದುರು ಜಂಬ ಕೊಚ್ಚಿದ್ದೆ.

ಒಂದು ನಿಯಮ ಹೀಗಿತ್ತು — ಒಳಗೆ ಏನೂ ಬರೆಯದ ಮೇಲ್ ಬಂದರೆ ಅಳಿಸಿಬಿಡು. ಮೊದಲು ಕೆಲವು ದಿನ ಅಂಥವನ್ನು ಬೇರೆ ಕಡೆ ಇಟ್ಟು ನೋಡಬೇಕಿತ್ತು. ಅಷ್ಟು ತಾಳ್ಮೆ ನನಗೆಲ್ಲಿತ್ತು? ನಮ್ಮ ಕಡೆಯ ಮಂದಿ ಮೇಲಿನ ಸಬ್ಜೆಕ್ಟ್ ಎಂಬ ವಿಷಯದ ಸಾಲಿನಲ್ಲೇ ಪೂರ್ತಿ ಮಾತು ತುಂಬಿ, ಕೆಳಗಿನ ಜಾಗ ಖಾಲಿ ಬಿಟ್ಟು ಕಳಿಸುತ್ತಾರೆ. ಗೊತ್ತಿತ್ತು. ಅದನ್ನೇ ಆಡಿಕೊಂಡು ನಗುತ್ತಿದ್ದವಳು ನಾನು. ಆದರೂ —

ಯಾದಗಿರಿಯ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿಯ ಕೆಲಸಕ್ಕೆ ನಿನ್ನ ಹೆಸರು ಹೇಳಿದ್ದು ಬಸಮ್ಮ ಟೀಚರು. ಚಿಕ್ಕಂದಿನಲ್ಲಿ ನಿನ್ನ ಕೈಗೆ ಕುಂಚ ಕೊಟ್ಟವರು. ಸಂದರ್ಶನದ ದಿನವನ್ನು ಮೇಲ್‌ನಲ್ಲಿ ತಿಳಿಸುತ್ತೇನೆ ಎಂದಿದ್ದರು. "ಯಕ್ಕಾ, ಬಂದದೇನ್ರಿ?" ಎಂದು ನೀನು ದಿನಾ ಕೇಳುತ್ತಿದ್ದೆ. ಬರಲಿಲ್ಲ. ಕೆಲಸ ಬೇರೆಯವರಿಗೆ ಹೋದ ಮೇಲೆ ಟೀಚರು ಫೋನ್ ಮಾಡಿ, ಮೇಲ್ ಹಾಕಿದ್ದೆನಲ್ಲ, ಸಂದರ್ಶನಕ್ಕೆ ಯಾಕೆ ಬರಲಿಲ್ಲ ಎಂದು ಕೇಳಿದರು. ಫೋನ್ ಹಿಡಿದುಕೊಂಡೇ ನೀನು ನನ್ನ ಕಡೆ ನೋಡಿದೆ. ಟೀಚರೂ ವಿಷಯದ ಸಾಲಿನಲ್ಲೇ ಎಲ್ಲ ಬರೆಯುವವರು — ನನಗೆ ಆ ಕ್ಷಣವೇ ತಿಳಿಯಿತು. ಮಾಲೀಕರು ಅಲ್ಲೇ ಕುಳಿತಿದ್ದರು.

"ಕಳಿಸೇ ಇಲ್ಲ ಅವರು," ಎಂದೆ. "ಕಳಿಸಿದ್ರ ಬರದೆ ಎಲ್ಲಿ ಹೋಗ್ತದ?"

"ಸುಳ್ಳು ಯಾಕ ಹೇಳ್ತೀರಿ ಟೀಚರ್," ಎಂದೆ ನೀನು ಫೋನಿನಲ್ಲಿ. ಅಲ್ಲಿಗೆ ನಿಮ್ಮಿಬ್ಬರ ಮಾತು ನಿಂತಿತು. ಆ ಸಂಜೆಯೇ ಆ ನಿಯಮ ತೆಗೆದುಹಾಕಿ, ಏನೂ ಆಗದವಳಂತೆ ನಿನ್ನ ಜೊತೆ ಚಹಾ ಕುಡಿದೆ.

ಇಷ್ಟು ವರ್ಷಗಳ ಮೇಲೆ ಮೊನ್ನೆ ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಟೀಚರು ಸಿಕ್ಕರು. ಕಣ್ಣು ಮಂಜಾಗಿದೆ, ನನ್ನ ದನಿಯಿಂದಲೇ ಗುರುತು ಹಿಡಿದರು.

"ಶಬಾನಾ ಇನ್ನಾ ಚಿತ್ರ ತೆಗಿತಾಳೇನವಾ?"

"ತೆಗಿತಾಳ್ರಿ."

"ನನ್ನ ಮ್ಯಾಲಿನ ಸಿಟ್ಟು ಇಳದದೇನು?"

ಬಸ್ಸು ಬಂತೆಂದು ಹೊರಟುಬಿಟ್ಟೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಈ ಭಾನುವಾರ ಸುರಪುರದ ನಿನ್ನ ಮನೆಗೆ ಬರುತ್ತೇನೆ. ಇದನ್ನೆಲ್ಲ ನಿನ್ನೆದುರು ಕುಳಿತು ಹೇಳಿ, ಅಲ್ಲಿಂದಲೇ ಟೀಚರಿಗೂ ಫೋನ್ ಹಚ್ಚಿ ಹೇಳುತ್ತೇನೆ. ನನ್ನ ಜೊತೆ ಮಾತು ಬಿಟ್ಟರೆ ಬಿಡು. ಆದರೆ ಅವರು ನಿನ್ನ ಸಿಟ್ಟು ಇಳಿಯಲೆಂದು ಇನ್ನೂ ಕಾಯುತ್ತಿದ್ದಾರೆ, ಶಬಾನಾ — ತಾವು ಮಾಡದ ತಪ್ಪಿಗೆ.