ಬಲಗಡೆಯ ಬುಟ್ಟಿ

ಗೆಳೆಯರೇ, ನಮ್ಮ ಎತ್ತು ರಾಮ್ಯಾ ಇವತ್ತು ಪರೀಕ್ಷೆಯಲ್ಲಿ ಫೇಲಾದ.

ಹಲವು ದೇಶಗಳ ವಿಜ್ಞಾನಿಗಳು ಸೇರಿ ದನಗಳ ಬುದ್ಧಿ ಅಳೆಯುತ್ತಿದ್ದಾರೆ. ಬೈಲಹೊಂಗಲದಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನೂ ಅವರಲ್ಲೊಬ್ಬ. ಎಲ್ಲ ಕಡೆಯೂ ಒಂದೇ ಪರೀಕ್ಷೆ: ಎರಡು ಬುಟ್ಟಿ ಇಟ್ಟು, ಹಿಂಡಿ ಇರುವ ಬುಟ್ಟಿಯತ್ತ ಕೈ ತೋರಿಸಬೇಕು, ದನ ಅಲ್ಲಿಗೆ ಹೋಗುತ್ತದೆಯೇ ನೋಡಬೇಕು.

ಬೆಳಿಗ್ಗೆ ನಮ್ಮ ಹಿತ್ತಲಲ್ಲೇ ಮಾಡಿದೆ. ಎಷ್ಟು ಸಲ ಬಲಕ್ಕೆ ತೋರಿಸಿದರೂ ರಾಮ್ಯಾ ಎಡಗಡೆಯ ಖಾಲಿ ಬುಟ್ಟಿಯ ಮುಂದೆಯೇ ಹೋಗಿ ನಿಂತ. ಹಿಂಡಿಯ ವಾಸನೆಗೆ ಜೊಲ್ಲು ಸುರಿಯುತ್ತಿತ್ತು, ಆದರೂ ಕತ್ತು ಹೊರಳಿಸಲಿಲ್ಲ.

ನೋಡುತ್ತ ನಿಂತಿದ್ದ ಅಣ್ಣನ ಹೆಂಡತಿ, ನಮ್ಮ ವೈನಿ, ಕಣ್ಣಿಗೆ ಸೆರಗು ಒತ್ತಿಕೊಂಡರು. "ಸಾಕ್ ಮಾಡೋ ತಮ್ಮಾ. ಬಲಗಡಿದು ಲಕ್ಷ್ಯಾಂದು. ಅವನ ಹಿಂಡಿಗೆ ಇಂವಾ ಎಂದರ ಬಾಯಿ ಹಾಕ್ಯಾನೇನು?"

ಲಕ್ಷ್ಯಾ ಇವನ ಜೋಡಿ ಎತ್ತು. ನೊಗದಲ್ಲೂ ಮೇವಿನ ಗೋದಲಿಯಲ್ಲೂ ಬಲಗಡೆ ಅವನದೇ ಜಾಗ. ಹೋದ ವಾರ ಸತ್ತ.

ಇದನ್ನೆಲ್ಲ ವಿವರವಾಗಿ ವಿದೇಶದವರಿಗೆ ಬರೆದೆ. ಸಂಜೆ ಸೈಬರ್ ಕೆಫೆಗೆ ಬಂದಾಗ ಉತ್ತರ ಕಾದಿತ್ತು: "ಒಂದೇ ಬದಿಗೆ ಹೋಗುವ ಚಾಳಿ. ಈ ದನವನ್ನು ಲೆಕ್ಕಕ್ಕೆ ಹಿಡಿಯಬೇಡಿ."

ನಿಯಮ ನಿಯಮವೇ, ಒಪ್ಪಿದೆ. ಸತ್ತ ಜೊತೆಗಾರನ ಪಾಲಿಗೆ ಬಾಯಿ ಹಾಕದ ಎತ್ತನ್ನು, ದನಗಳಿಗೆ ಮನಸ್ಸಿದೆಯೇ ಎಂದು ಹುಡುಕುವ ಕೆಲಸದಿಂದ ಇಂದು ಕೈಬಿಡಲಾಗಿದೆ.