ಮೇವಿಗಂತ ಬಂದ ಪಿಕಪ್

ಗೆಳತ್ಯಾರ, ಇವತ್ತ ಮುಂಜಾನೆ ದಿಗ್ಗೇವಾಡ್ಯಾಗ ನಮ್ಮನಿ ಮುಂದ ಒಂದ ದೊಡ್ಡ ಕರೀ ಪಿಕಪ್ ಬಂದ ನಿಂತಿತ್ತು. ನಮ್ಮನಿಯವ್ರು ಟ್ರಯಲ್‌ಗೆ ತರಿಸ್ಯಾರ. ಯಾಕ್ರಿ ಅಂದ್ರ, "ಎಮ್ಮಿಗೆ ಮೇವು ತರಾಕ" ಅಂದ್ರು.

ನನಗ ಅಲ್ಲೇ ಡೌಟ್ ಬಂತು. ಎಮ್ಮಿ ಎಡಕ್ಕ ಕಟ್ಟೇವೋ ಬಲಕ್ಕೋ ಗೊತ್ತಿಲ್ಲದ ಮನಷ್ಯಾಗ ಮೇವಿನ ಚಿಂತಿ!

ಗಾಡಿ ತಂದ ಶೋರೂಮಿನಾಂವ, "ಅಕ್ಕಾರ, ಇದರ ಪಿಕಪ್ ನೋಡ್ರಿ, ಎಕ್ಸಲೇಟರ್ ಮ್ಯಾಲ ಕಾಲಿಟ್ರ ಹಾರತೈತಿ" ಅಂದ.

"ಮೇವು ಹಾರೂದು ಬ್ಯಾಡೋ ಯಪ್ಪಾ, ಮನಿ ಮುಟ್ಟಿದ್ರ ಸಾಕು" ಅಂದೆ.

ಅವರಿಬ್ರೂ ಪಿಕಪ್‌ನ್ಯಾಗ ಹೊಲಕ್ಕ ಹೊಂಟ್ರು. ನಂಬಿಕಿ ಸಾಲದ ನಾ ನನ್ನ ಹಳೇ ಸ್ಕೂಟಿ ತಗೊಂಡ ಬೆನ್ನ ಹತ್ತಿದೆ.

ಹೊಲದಾಗ ನಾ ಕಬ್ಬಿನ ಮೇವು ಕಟ್ಟಿದ ಸೂಡ ಎತ್ತಿ ಗಾಡ್ಯಾಗ ಒಗೀಬೇಕು, ಅಷ್ಟರಾಗ ನಮ್ಮನಿಯವ್ರು ಅಡ್ಡ ಬಂದ್ರು. "ಏ ನಿಂದ್ರ ನಿಂದ್ರ! ಸ್ಕ್ರ್ಯಾಚ್ ಬೀಳತಾವ. ಮೊದಲ ಮನಿಂದ ಕೌದಿ ತಂದ ಹಾಸೂಣು."

"ಮೇವಿನ ಗಾಡಿಗೆ ಹಾಸಿಗಿ? ಹೊಚ್ಚಾಕೂ ಒಂದ ತರಲೇನ್ರಿ?"

ಕಡೀಕ ಮೇವು ನನ್ನ ಸ್ಕೂಟಿ ಮ್ಯಾಲ ಬಂತು. ಹಿಂದ ಖಾಲಿ ಪಿಕಪ್, ಹಾರ್ನ್ ಹೊಡ್ಕೋತ.

ಮನಿ ಮುಂದ ಇಳದು ನಮ್ಮನಿಯವ್ರು ಕೇಳತಾರ, "ನೋಡಿದೇನ, ಮೇವು ತರಾಕ ಎಷ್ಟ ಚಲೋ ಐತಿ!"

ಎಮ್ಮಿ ಮಾತ್ರ ಸ್ಕೂಟಿ ಕಡೇನ ನೋಡಾಕತ್ತಿತ್ತು.